ಕೀಲಿ ಸಿಕ್ಕ ಸಾಧು

ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಮೂವತ್ತೊಂದನೆಯ ಪೆಟ್ಟಿಗೆಯ ದೀಪ ಕೆಂಪಾಯಿತು.

ಶಮೀಮ್ ಬಾನು ಕುರ್ಚಿ ಬಿಟ್ಟೆದ್ದು ಗೋಡೆಯ ನಕ್ಷೆಯ ಹತ್ತಿರ ಹೋದಳು. ಎಡದಂಡೆ ಕಾಲುವೆಯಿಂದ ಕವಲೊಡೆದ ಐವತ್ತೆರಡು ಉಪಕಾಲುವೆಗಳು ಆ ನಕ್ಷೆಯಲ್ಲಿದ್ದವು. ಒಂದೊಂದರ ಗದ್ದೆಗಳಿಂದ ಬಸಿದ ನೀರು ಹಳ್ಳಕ್ಕೆ ಬೀಳುವ ಕಡೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆ ಗಂಟೆಗೊಮ್ಮೆ ಒಂದು ಗುಟುಕು ನೀರು ಹೀರಿ, ಅದರೊಳಗಿನ ದುಂಡಾಣುಗಳ ವಂಶವಾಹಿಗಳನ್ನು ಓದಿ, ಭತ್ತ ಕಾವಲು ಕೇಂದ್ರದ ಈ ಕೋಣೆಗೆ ವರದಿ ಕಳಿಸುತ್ತಿತ್ತು. ಮೂರು ಹಂಗಾಮಿನಿಂದ ದೀಪಗಳೆಲ್ಲ ಹಸಿರಾಗಿಯೇ ಇದ್ದವು. ಎಷ್ಟೆಂದರೆ, ಕೆಂಪು ದೀಪ ಉರಿಯುತ್ತದೆಯೋ ಇಲ್ಲವೋ ಎಂದು ಶಮೀಮ್ ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷೆ ಮಾಡುತ್ತಿದ್ದಳು.

"ಮೇಡಂ, ಇದನ್ನೊಂದು ಸಲ ನೋಡ್ರಿ. ಪೆಟ್ಟಿಗಿ ಕೆಟ್ಟೈತೋ ಏನೋ."

ಕೇಂದ್ರದ ವಿಜ್ಞಾನಿ ಡಾ. ಹುಲಿಗೆಮ್ಮ ಪರದೆಯ ಮೇಲಿನ ಅಕ್ಷರಗಳ ಸಾಲನ್ನು ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು.

"ಪೆಟ್ಟಿಗಿ ಕೆಟ್ಟಿಲ್ಲ ಶಮೀಮ್," ಎಂದಳು. "ಇದು ನಮ್ಮದೇ. ನಮ್ಮ ಸಾಧು."

ಸಾಧು ಎಂಬ ಹೆಸರನ್ನು ಇಟ್ಟವರು ರೈತರು. ಭತ್ತದ ಎಲೆಯನ್ನು ಅಂಚಿನಿಂದ ಸುಟ್ಟಂತೆ ಒಣಗಿಸುವ ಅಂಗಮಾರಿ ರೋಗಕ್ಕೆ ಕಾರಣವಾದ ದುಂಡಾಣುವಿನಲ್ಲಿ ಒಂದು ವಂಶವಾಹಿಯಿದೆ. ಅದು ಒಂದು ಪ್ರೋಟೀನು ತಯಾರಿಸುತ್ತದೆ. ಆ ಪ್ರೋಟೀನು ಭತ್ತದ ಜೀವಕೋಶದೊಳಗೆ ನುಗ್ಗಿ, ಗಿಡ ತನಗಾಗಿ ಕೂಡಿಟ್ಟುಕೊಂಡ ಸಕ್ಕರೆಯ ಬಾಗಿಲನ್ನು ಗಿಡದ ಕೈಯಿಂದಲೇ ತೆಗೆಸುತ್ತದೆ. ಸಕ್ಕರೆ ಸೋರುತ್ತದೆ, ದುಂಡಾಣು ಉಂಡು ಕೋಟಿಗಟ್ಟಲೆಯಾಗುತ್ತದೆ, ಎಲೆ ಸಾಯುತ್ತದೆ. ಹುಲಿಗೆಮ್ಮ ಏಳು ವರ್ಷ ಕೂತು, ಆ ಬಾಗಿಲಿನ ಕೀಲಿಯಂತಿದ್ದ ವಂಶವಾಹಿಯನ್ನು ಕಿತ್ತು ತೆಗೆದಿದ್ದಳು. ಕೀಲಿ ಇಲ್ಲದ ದುಂಡಾಣು, ಅಂದರೆ ಸಾಧು, ಎಲೆಯೊಳಗೆ ಸಿಕ್ಕಿದ್ದನ್ನು ತಿಂದು ಸುಮ್ಮನಿರುತ್ತಿತ್ತು, ಬೇರೆ ದುಂಡಾಣುಗಳಿಗೆ ಜಾಗ ಕೊಡುತ್ತಿರಲಿಲ್ಲ. ಅದು ಎಲೆಯಲ್ಲಿ ಗಟ್ಟಿಯಾಗಿ ನೆಲೆಯೂರಲಿ ಎಂದು ಅಂಟು ತಯಾರಿಸುವ ವಂಶವಾಹಿಯನ್ನು ಅವಳು ಎರಡು ಪಟ್ಟು ಮಾಡಿದ್ದಳು. ನಾಟಿಗೆ ಮುಂಚೆ ಸಸಿಯ ಬೇರನ್ನು ಸಾಧು ನೀರಿನಲ್ಲಿ ಅದ್ದಿದರೆ ಸಾಕಿತ್ತು. ಎರಡು ಲಕ್ಷ ಎಕರೆಯಲ್ಲಿ ಅಂಗಮಾರಿ ಮಾಯವಾಗಿತ್ತು. ಔಷಧಿ ಹೊಡೆಯುವ ಪಂಪುಗಳು ಅಟ್ಟ ಸೇರಿದ್ದವು. ಯಾರೂ ಬದುವಿನ ಹುಲ್ಲು ಕೂಡ ಕೀಳುತ್ತಿರಲಿಲ್ಲ.

ಈಗ ಪೆಟ್ಟಿಗೆ ಓದಿದ ದುಂಡಾಣುವಿನಲ್ಲಿ ಎರಡು ಪಟ್ಟು ಅಂಟೂ ಇತ್ತು, ಕೀಲಿಯೂ ಇತ್ತು.

ಹುಲಿಗೆಮ್ಮ ಜೀಪು ತೆಗೆದುಕೊಂಡು ತಾನೇ ಹೋಗಿ ನೀರು ತಂದಳು, ಹಳ್ಳದ ಬದುವಿನ ಹುಲ್ಲನ್ನೂ ತಂದಳು. ಮಧ್ಯಾಹ್ನ ಒಂದರ ಹೊತ್ತಿಗೆ ಪ್ರಯೋಗಾಲಯದಲ್ಲಿ ಎಲ್ಲ ಖಚಿತವಾಯಿತು. ಹಳೆಯ ರೋಗದ ದುಂಡಾಣು ಸತ್ತಿರಲಿಲ್ಲ. ಬದುವಿನ ಹುಲ್ಲಿನೊಳಗೆ ಅಡಗಿ ಕೂತಿತ್ತು. ಸಾಧುವೂ ಅದೇ ಹುಲ್ಲಿಗೆ ಹಬ್ಬಿತ್ತು. ದುಂಡಾಣುಗಳನ್ನೇ ತಿಂದು ಬದುಕುವ ಒಂದು ವೈರಸ್ಸು ಹಳೆಯದರಿಂದ ಕೀಲಿಯ ತುಂಡನ್ನು ಹೊತ್ತು ತಂದು ಸಾಧುವಿನೊಳಗೆ ಇಳಿಸಿತ್ತು. ಮೂರು ವರ್ಷದ ಹಿಂದೆ ಸಾಧುವಿನ ಅನುಮತಿ ಕಡತದ ನೂರಾ ನಾಲ್ಕನೇ ಪುಟದಲ್ಲಿ ಹುಲಿಗೆಮ್ಮ ಇದರ ಬಗ್ಗೆ ಬರೆದಿದ್ದಳು: ಸಾಧ್ಯತೆ ಅತ್ಯಲ್ಪ, ನೂರು ವರ್ಷಕ್ಕೊಮ್ಮೆ.

ನಿರ್ದೇಶಕ ಡಾ. ಸುಬ್ಬರಾಜು ವರದಿ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ವಲಸೆ ಬಂದು ನೆಲೆಸಿದ ಕ್ಯಾಂಪಿನ ರೈತರ ಮನೆಯವರು, ಗದ್ದೆಯಲ್ಲೇ ಬೆಳೆದವರು. ಅವರಿಗೆ ಹೆಚ್ಚು ವಿವರಿಸಬೇಕಾಗಿರಲಿಲ್ಲ.

"ಎಷ್ಟು ದಿನ ಇದೆ ನಮಗೆ?"

"ಮೂವತ್ತೊಂದರ ಬಸಿ ನೀರು ಹಳ್ಳದಿಂದ ಮೂವತ್ತೆರಡು, ಮೂವತ್ಮೂರಕ್ಕೆ ಹೋಗುತ್ತೆ ಸರ್. ಅಲ್ಲಿಂದ ಕೆಳಗೆ ಎಲ್ಲಾ ಕಡೆ. ಈಗ ನೀರಿನಲ್ಲಿ ಇರೋದು ಕಡಿಮೆ. ಒಂದು ಮಳೆ ಗಾಳಿ ಬಂತು ಅಂದರೆ ಹೇಳೋಕಾಗಲ್ಲ. ಎರಡು ದಿನ. ಮೂರು."

"ಏನು ಮಾಡಬೇಕು ಅಂತೀರಿ?"

"ಮೂವತ್ತೊಂದರ ತೂಬು ಮುಚ್ಚಬೇಕು. ಬಸಿ ಕಾಲುವೆಗೆ ಮರಳು ಮೂಟೆ ಒಡ್ಡಬೇಕು. ರೋಗ ಕಂಡ ಗದ್ದೆ, ಅದರ ಸುತ್ತಲಿನದು, ಎಲ್ಲಾ ಕೊಯ್ದು ಸುಡಬೇಕು."

ಸುಬ್ಬರಾಜು ಕಿಟಕಿಯ ಹೊರಗೆ ನೋಡಿದರು. ಭತ್ತ ಹೊಡೆ ತುಂಬಿ, ತೆನೆ ಹೊರಬರಲಿದ್ದ ಕಾಲ. ಈ ಹದದಲ್ಲಿ ಹತ್ತು ದಿನ ನೀರು ಬರುವುದು ನಿಂತರೆ ಉಳಿದ ಬೆಳೆಯೂ ಅರ್ಧ ಜೊಳ್ಳಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಕಿವುಡ ಇದೆಯಲ್ಲ," ಎಂದರು ಅವರು.

ಹುಲಿಗೆಮ್ಮ ಆ ಮಾತಿಗಾಗಿ ಕಾಯುತ್ತಲೇ ಇದ್ದಳು. ಕಿವುಡ ಎಂಬುದು ಕೇಂದ್ರದ ಎರಡನೆಯ ಸೃಷ್ಟಿ. ರೋಗದ ದುಂಡಾಣು ಒಂಟಿಯಾಗಿದ್ದಾಗ ಕೀಲಿಯನ್ನು ಹೊರತೆಗೆಯುವುದಿಲ್ಲ. ಪ್ರತಿಯೊಂದೂ ಒಂದು ವಾಸನೆಯ ಕಣ ಬಿಡುತ್ತದೆ. ಆ ವಾಸನೆ ದಟ್ಟವಾದಾಗ, ನಾವು ಸಾಕಷ್ಟು ಜನ ಸೇರಿದ್ದೇವೆ ಎಂದು ತಿಳಿದು ಎಲ್ಲವೂ ಒಟ್ಟಿಗೆ ಕೀಲಿ ತಿರುಗಿಸುತ್ತವೆ. ಕಿವುಡ ದುಂಡಾಣು ಆ ವಾಸನೆಯ ಕಣಗಳನ್ನೇ ತಿಂದುಬಿಡುತ್ತದೆ. ಸುತ್ತ ಲಕ್ಷ ಜನರಿದ್ದರೂ ರೋಗಾಣು ತಾನು ಒಬ್ಬಂಟಿ ಎಂದುಕೊಂಡು ಸುಮ್ಮನಿರಬೇಕು. ಹಾಗಾಗಬೇಕು ಎಂಬುದು ಲೆಕ್ಕ. ಗಾಜಿನ ಮನೆಯ ಅರವತ್ತು ಕುಂಡಗಳಲ್ಲಿ ಅದರ ಪ್ರಯೋಗ ಶುರುವಾಗಿ ನಾಲ್ಕು ದಿನವಾಗಿತ್ತು. ಫಲಿತಾಂಶಕ್ಕೆ ಇಪ್ಪತ್ತೈದು ದಿನ ಬೇಕಿತ್ತು.

"ಎರಡು ಟ್ಯಾಂಕರ್ ಕಿವುಡ ತಯಾರಿದೆ," ಎಂದರು ಸುಬ್ಬರಾಜು. "ನಾಳೆ ಬೆಳಿಗ್ಗೆ ಉಪಕಾಲುವೆಗೆ ಬಿಡೋಣ. ಯಾರ ಗದ್ದೇನೂ ಸುಡಬೇಕಿಲ್ಲ, ಯಾರ ನೀರೂ ನಿಲ್ಲಿಸಬೇಕಿಲ್ಲ."

"ಅದೇ ವೈರಸ್ಸು ಕಿವುಡನೊಳಗೂ ಹೋದರೆ?"

"ಹೋಗದೆಯೂ ಇರಬಹುದು."

"ಹೋದ ಸಲವೂ ನಾನು ಅದನ್ನೇ ಬರೆದಿದ್ದೆ ಸರ್."

ಅವರು ತಾಳ್ಮೆ ಕಳೆದುಕೊಳ್ಳಲಿಲ್ಲ. "ಹುಲಿಗೆಮ್ಮ, ಮೂವತ್ತೊಂದರ ಒಂಬೈನೂರು ಎಕರೆ ಹಾಳು ಮಾಡಿ ಅಂತ ನಾನು ಸಹಿ ಹಾಕಲಾರೆ. ನಮ್ಮ ಹತ್ತಿರ ಬೇರೆ ದಾರಿ ಇದ್ದಾಗ ಅದು ಅನ್ಯಾಯ. ನಾಳೆ ಹತ್ತು ಗಂಟೆಗೆ ಟ್ಯಾಂಕರ್ ಹೊರಡುತ್ತೆ. ಅಷ್ಟರೊಳಗೆ ಸಂಘದವರೇ ತೂಬು ಮುಚ್ಚಿ ಅಂತ ಠರಾವು ಕೊಟ್ಟರೆ ನಾನು ಅಡ್ಡ ಬರಲ್ಲ. ಕಾನೂನು ಅವರಿಗೆ ಆ ಅಧಿಕಾರ ಕೊಟ್ಟಿದೆ."

ಮೂವತ್ತೊಂದನೆಯ ಉಪಕಾಲುವೆಯ ನೀರು ಬಳಕೆದಾರರ ಸಂಘದ ಅಧ್ಯಕ್ಷೆ ನೀಲವ್ವ. ಹುಲಿಗೆಮ್ಮನ ಅಣ್ಣನ ಹೆಂಡತಿ.

ಜೀಪು ಅವಳ ಊರು ಹುಣಸಿಹಾಳ ಮುಟ್ಟುವಾಗ ಎರಡೂವರೆ. ಅಣ್ಣ ಭತ್ತ ಕೊಯ್ಯುವ ಯಂತ್ರದ ಜೊತೆ ಬೇರೆ ಜಿಲ್ಲೆಗೆ ಹೋಗಿದ್ದ. ನೀಲವ್ವ ಆಗಷ್ಟೇ ಗದ್ದೆಯಿಂದ ಬಂದು ಕಾಲು ತೊಳೆದು ಉಣ್ಣಲು ಕೂತಿದ್ದಳು. ನಾದಿನಿಯನ್ನು ನೋಡಿ ಇನ್ನೊಂದು ತಾಟು ತೆಗೆದಿಟ್ಟಳು.

"ಇಷ್ಟೊತ್ತಿನ್ಯಾಗ ಬಂದಿ? ಉಣ್ಣು ಮೊದಲ. ಪುಂಡಿಪಲ್ಯ ಐತಿ."

"ಅತ್ತಿಗಿ, ಒಂದು ಗಾಜಿನ ಲೋಟ ಐತೇನು? ಮತ್ತ ನಿನ್ನ ಹೊಲದ ನಾಕು ಎಲಿ ಬೇಕು."

ಅವಳ ಮುಖ ನೋಡಿ ನೀಲವ್ವ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಹಾಕಿದಳು.

ಹಿತ್ತಲಿನಾಚೆಯೇ ನೀಲವ್ವನ ನಾಲ್ಕು ಎಕರೆ. ಸಂಘದ ನಲವತ್ತು ಮನೆಗಳಿಗೆ ಮುಂದಿನ ಹಂಗಾಮಿನ ಬೀಜ ಬೆಳೆಯುವ ಹೊಲ ಅದು. ದೂರದಿಂದ ಎಲ್ಲ ಹಸಿರಾಗಿಯೇ ಕಾಣುತ್ತಿತ್ತು. ಹುಲಿಗೆಮ್ಮ ಬದುವಿನ ಪಕ್ಕದ ಸಾಲಿನಲ್ಲಿ ಬಗ್ಗಿ, ಅಂಚು ತುಸು ಹಳದಿಯಾಗಿ ಅಲೆಅಲೆಯಾಗಿದ್ದ ಎಲೆಯೊಂದನ್ನು ಹುಡುಕಿ ಕಿತ್ತಳು. ತುದಿ ಕತ್ತರಿಸಿ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟಳು. ಇಬ್ಬರೂ ಕಟ್ಟೆಯ ಮೇಲೆ ಕೂತು ನೋಡಿದರು.

ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕತ್ತರಿಸಿದ ಜಾಗದಿಂದ ಹಾಲಿನಂಥ ಒಂದು ಎಳೆ ಹೊರಬಂದು, ಅಲುಗದೆ, ನೆಟ್ಟಗೆ ಲೋಟದ ತಳಕ್ಕೆ ಇಳಿಯಿತು. ಹಿಂದೆ ಇನ್ನೊಂದು.

ನೀಲವ್ವ ಇದನ್ನು ಮೊದಲು ಕಂಡವಳೇ. ಸಾಧು ಬರುವ ಮುಂಚಿನ ವರ್ಷಗಳಲ್ಲಿ ಎಲ್ಲರೂ ಹೀಗೇ ಲೋಟ ಇಟ್ಟುಕೊಂಡು ಕೂರುತ್ತಿದ್ದರು.

"ಅಂಗಮಾರಿ," ಎಂದಳು. "ಬರೂದಿಲ್ಲ ಅಂದಿದ್ದಿಯಲ್ಲ ನೀನು."

"ಅಂದಿದ್ದೆ."

"ನಾ ಆ ಸಾಧು ನೀರಿನ್ಯಾಗ ಸಸಿ ಅದ್ದಿದಾಗ ಊರಾಗ ಒಬ್ಬರೂ ಅದ್ದಿದ್ದಿಲ್ಲ. ನನ್ನ ನೋಡಿ ಅದ್ದಿದ್ರು ಎಲ್ಲಾರು. ಇದು ತಿರುಗಿ ಬೀಳೂದಿಲ್ಲೇನು ಅಂತ ನಾ ಕೇಳಿದ್ನಿ. ಎಂದೂ ಇಲ್ಲ ಅಂದಿ. ಎಂದಾದ್ರೂ ಒಮ್ಮೆ ಆಗಬಹುದು ಅಂತ ಅಂದಿದ್ದಿಲ್ಲ."

ಕಡತದಲ್ಲಿ ಬರೆದದ್ದನ್ನು ಕಟ್ಟೆಯ ಮೇಲೆ ಕೂತು ಹೇಳಲು ಹುಲಿಗೆಮ್ಮ ಅಂದು ಹೆದರಿದ್ದಳು. ಹೇಳಿದ್ದರೆ ಯಾರೂ ಸಸಿ ಅದ್ದುತ್ತಿರಲಿಲ್ಲ. ಅದು ಅವಳಿಗೆ ಅಂದೂ ಗೊತ್ತಿತ್ತು.

ಅವಳು ಈಗ ಎಲ್ಲವನ್ನೂ ಹೇಳಿದಳು. ಹುಲ್ಲು, ವೈರಸ್ಸು, ಅಂಟು. ತೂಬು ಮುಚ್ಚಿದರೆ ಏನಾಗುತ್ತದೆ, ಮುಚ್ಚದಿದ್ದರೆ ಏನಾಗುತ್ತದೆ. ಕಿವುಡನ ಬಗ್ಗೆಯೂ ಹೇಳಿದಳು.

"ಅಂದ್ರ ಸುಡದನ ಇರೂ ದಾರಿ ಒಂದೈತಿ," ಎಂದಳು ನೀಲವ್ವ.

"ಐತಿ."

"ಅದು ನಡೀತದೇನು?"

"ಗೊತ್ತಿಲ್ಲ. ನಡೀಬಹುದು. ನಡೀಲಿಲ್ಲಂದ್ರ ರೋಗ ಎರಡು ಲಕ್ಷ ಎಕರೆಗೂ ಹಬ್ಬತೈತಿ. ಆಮ್ಯಾಲ ಅದನ್ನ ವಾಪಸ್ ಕರಿಯಾಕ ಆಗೂದಿಲ್ಲ."

"ನೀ ಏನಂತಿ?"

"ಸುಡಬೇಕಂತೀನಿ."

ನೀಲವ್ವ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದಳು. ನೀರು ಪೂರ್ತಿ ಕದಡಿತ್ತು. ಅದನ್ನು ನೆಲಕ್ಕೆ ಚೆಲ್ಲಲು ಹೋದವಳು ತಡೆದು ಒಳಗೆ ಹೋಗಿ, ಒಲೆಯ ಮೇಲಿನ ಕುದಿನೀರಿಗೆ ಸುರಿದಳು. ಹೊರಬಂದಾಗ ತಲೆಯ ಮೇಲೆ ಸೆರಗು ಹೊದ್ದಿದ್ದಳು.

"ಐದಕ್ಕ ಸಂಘ ಕೂಡಸ್ತೀನಿ. ನೀನ ಹೇಳಬೇಕು. ನಾ ಹೇಳೂದಿಲ್ಲ."

ಸಂಘ ಕೂಡಿದ್ದು ತೂಬಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ನೂರಕ್ಕೂ ಹೆಚ್ಚು ಜನ ಬಂದಿದ್ದರು. ಹುಲಿಗೆಮ್ಮ ಹೇಳಿ ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಆಮೇಲೆ ಎಲ್ಲರೂ ಒಮ್ಮೆಲೇ ಮಾತಾಡಿದರು. ಸಾಹೇಬರೇ ಬೇರೆ ಔಷಧಿ ಐತಿ ಅಂದಮ್ಯಾಲ ನಾವ್ಯಾಕ ಸುಡಬೇಕು ಎಂದರು ಕೆಲವರು. ಕೆಳಗಿನ ಊರವರಿಗಾಗಿ ನಾವ್ಯಾಕ ಉರಕೊಬೇಕು ಎಂದರು ಇನ್ನು ಕೆಲವರು. ಕೊನೆಯಲ್ಲಿ ಕೂತಿದ್ದ ಒಬ್ಬ ಮುದುಕ ಎದ್ದು, "ಇಕಿ ಮಾಡಿದ್ದು. ಇಕಿ ಮಾತು ಇನ್ನೊಮ್ಮಿ ಕೇಳೂದೇನು?" ಎಂದ. ಯಾರೂ ಅವನನ್ನು ಸುಮ್ಮನಿರಿಸಲಿಲ್ಲ.

ಹೊರಗೆ ಪಶ್ಚಿಮದ ಕಡೆ ಮೋಡ ಕಟ್ಟುತ್ತಿತ್ತು. ಹುಲಿಗೆಮ್ಮ ಮತ್ತೆ ಮತ್ತೆ ಅತ್ತ ನೋಡುತ್ತಿದ್ದಳು. ಮಳೆ ಎಂದರೆ ಹನಿ, ಹನಿ ಎಂದರೆ ಎಲೆಯಿಂದ ಎಲೆಗೆ ಜಿಗಿಯುವ ದುಂಡಾಣು.

ಅಷ್ಟರಲ್ಲಿ ಅವಳ ಫೋನು ನಡುಗಿತು. ಶಮೀಮ್. "ಮೇಡಂ, ಮೂವತ್ತೆರಡು ಹಳದಿ ಆಗೈತ್ರಿ. ಅನುಮಾನ ಅಷ್ಟ, ಇನ್ನೂ ಕೆಂಪಾಗಿಲ್ಲ."

ಹುಲಿಗೆಮ್ಮ ಆ ಮಾತನ್ನು ಹಾಗೆಯೇ ಸಭೆಗೆ ಹೇಳಿದಳು. ಶೆಡ್ಡಿನಲ್ಲಿ ಸದ್ದು ಇಳಿಯಿತು. ಮೂವತ್ತೆರಡರ ಊರುಗಳಿಗೆ ಇಲ್ಲಿಂದ ಹೆಣ್ಣು ಕೊಟ್ಟವರಿದ್ದರು, ಅಲ್ಲಿಂದ ತಂದವರಿದ್ದರು.

ನೀಲವ್ವ ಎದ್ದಳು. ಅವಳ ಮಾತು ಉದ್ದವಿರಲಿಲ್ಲ. "ರೋಗ ಕಂಡಿದ್ದು ನನ್ನ ಹೊಲದಾಗ. ನನ್ನ ನಾಕು ಎಕರೆ ಮೊದಲ ಕೊಯ್ಯಿರಿ. ಬೀಜ ಹೋಗ್ತೈತಿ, ಗೊತ್ತೈತಿ ನನಗ. ಸುತ್ತಲಿನವರು ಬ್ಯಾಡ ಅಂದ್ರ ಅವರ ಹೊಲ ಮುಟ್ಟೂದಿಲ್ಲ. ಆದ್ರ ತೂಬು ಮುಚ್ಚೂದಕ್ಕ ಕೈ ಎತ್ತೂದು ಈಗ ಆಗಬೇಕು. ಮಳಿ ನಮ್ಮನ್ನ ಕೇಳಿ ಬರೂದಿಲ್ಲ."

ಮೊದಲು ಹನ್ನೆರಡು ಕೈ ಎದ್ದವು. ಆಮೇಲೆ ಒಂದೊಂದೇ. ನೀಲವ್ವ ಎರಡು ಸಲ ಎಣಿಸಿದಳು. ಅರ್ಧಕ್ಕಿಂತ ಏಳು ಕೈ ಹೆಚ್ಚಿದ್ದವು.

ತೂಬಿನ ಚಕ್ರ ತುಕ್ಕು ಹಿಡಿದಿತ್ತು. ನಾಲ್ವರು ಸೇರಿ ತಿರುಗಿಸಿದರು. ಕೆಳಗೆ ನೀರಿನ ಸದ್ದು ಸಣ್ಣಗಾಗುತ್ತ ಬಂದು ನಿಂತೇ ಹೋಯಿತು. ಆ ಊರಿನ ಜನ ಹೊಡೆ ತುಂಬಿದ ಕಾಲದಲ್ಲಿ ಆ ಮೌನವನ್ನು ಎಂದೂ ಕೇಳಿರಲಿಲ್ಲ.

ಮೋಡ ಹಾಗೇ ಸರಿದು ಹೋಯಿತು. ಮಾರನೆಯ ದಿನ ಸುಬ್ಬರಾಜು ಟ್ಯಾಂಕರುಗಳನ್ನು ಕೇಂದ್ರದ ಶೆಡ್ಡಿನಿಂದ ಹೊರತೆಗೆಸಲಿಲ್ಲ. ಅವರೇ ಬಂದು ಮರಳು ಮೂಟೆ ಹೊರುವವರ ನಡುವೆ ನಿಂತರು.

ಸುತ್ತಲಿನವರೂ ಒಪ್ಪಿ, ನೂರಾ ಹತ್ತು ಎಕರೆ ಕೊಯ್ದರು. ನೀಲವ್ವನ ಹೊಲ ಮೊದಲು. ಹಸಿ ಭತ್ತ ಹತ್ತಿಕೊಳ್ಳುವುದಿಲ್ಲ. ಒಣ ಹುಲ್ಲು ತಂದು ಅಡಿಗೆ ಹಾಸಿ, ಮೇಲೆ ಭತ್ತದ ಕಂತೆ ಹೇರಿ, ಮತ್ತೆ ಹುಲ್ಲು ಹಾಕಬೇಕಾಯಿತು. ಒಟ್ಟಿದ ರಾಶಿಗಳು ನಾಲ್ಕು ದಿನ ಹೊಗೆಯಾಡಿದವು. ತುಂಬಿದ ಹೊಡೆಗಳು ಬೆಂಕಿಯೊಳಗೆ ಪಟಪಟ ಸಿಡಿಯುತ್ತಿದ್ದವು. ಎಮ್ಮೆಗಳು ಹಸಿ ಹುಲ್ಲಿನ ವಾಸನೆಗೆ ಹಗ್ಗ ಜಗ್ಗಿ ಕೂಗುತ್ತಿದ್ದವು, ಆದರೆ ಒಂದು ಹಿಡಿ ಕೂಡ ಅವಕ್ಕೆ ಹಾಕುವಂತಿರಲಿಲ್ಲ. ಹುಲಿಗೆಮ್ಮ ನಾಲ್ಕು ದಿನವೂ ಕುಡುಗೋಲು ಹಿಡಿದು ಹೆಂಗಸರ ಸಾಲಿನಲ್ಲಿ ಬಗ್ಗಿ ಕೊಯ್ದಳು. ನೀಲವ್ವ ಅವಳ ಎರಡು ಸಾಲಿನಾಚೆ ಇದ್ದಳು. ನೀರಿನ ತಂಬಿಗೆ ಅವಳ ಕಡೆಗೆ ಸರಿಸಿ ಮತ್ತೆ ತನ್ನ ಸಾಲಿಗೆ ಬಗ್ಗುತ್ತಿದ್ದಳು.

ಮೂವತ್ತೆರಡರ ದೀಪ ಒಂಬತ್ತು ದಿನ ಹಳದಿಯಾಗಿಯೇ ಉಳಿಯಿತು. ಶಮೀಮ್ ಊಟದ ಡಬ್ಬಿಯನ್ನು ನಕ್ಷೆಯ ಎದುರೇ ಬಿಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಮೂವತ್ತೆಂಟು ಕೂಡ ಹಳದಿಗೆ ತಿರುಗಿದಾಗ ಹುಲಿಗೆಮ್ಮ ಕೈಯಲ್ಲಿದ್ದ ಗಾಜಿನ ನಳಿಗೆ ಕೆಳಗೆ ಬಿಟ್ಟಳು. ಓದಿ ನೋಡಿದರೆ ಅದು ಕೀಲಿ ಇಲ್ಲದ ಸಾಧು, ಬರೀ ಸಾಧು. ಹತ್ತನೆಯ ದಿನ ಬೆಳಿಗ್ಗೆ ಮೂವತ್ತೆರಡು ಹಸಿರಾಯಿತು. ಹನ್ನೆರಡನೆಯ ದಿನ ತೂಬು ಎತ್ತಿದರು. ಮೂವತ್ತೊಂದರ ಉಳಿದ ಗದ್ದೆಗಳಲ್ಲಿ ತೆನೆ ಹೊರಬಂದಾಗ ಅರ್ಧಕ್ಕರ್ಧ ಜೊಳ್ಳಾಗಿತ್ತು. ಕೆಳಗಿನ ಗದ್ದೆಗಳೆಲ್ಲ ತೆನೆಯ ಭಾರಕ್ಕೆ ಬಾಗಿ ನಿಂತಿದ್ದವು.

ಪ್ರಯೋಗದ ಇಪ್ಪತ್ತೈದನೆಯ ದಿನ ಗಾಜಿನ ಮನೆಯ ಕುಂಡಗಳ ಫಲಿತಾಂಶ ಬಂತು. ರೋಗಾಣುವನ್ನಷ್ಟೇ ಹಾಕಿದ ಮೂವತ್ತು ಕುಂಡಗಳಲ್ಲಿ ಭತ್ತ ಸತ್ತಿತ್ತು. ಜೊತೆಗೆ ಕಿವುಡ ಹಾಕಿದ ಮೂವತ್ತರಲ್ಲೂ ಎಲೆ ಅಂಚಿನವರೆಗೆ ಹಸಿರಾಗಿತ್ತು. ವೈರಸ್ಸನ್ನು ಬೇಕೆಂದೇ ಬೆರೆಸಿದ ಕುಂಡಗಳೂ ಅದರಲ್ಲಿದ್ದವು.

ಸುಬ್ಬರಾಜು ಆ ಸಾಲುಗಳ ನಡುವೆ ನಡೆದು ಬಂದು ಅವಳ ಪಕ್ಕ ನಿಂತರು. ನಾನು ಹೇಳಿದ್ದೆ ಎನ್ನಬಹುದಿತ್ತು. ಅನ್ನಲಿಲ್ಲ. "ಕುಂಡ ಬೇರೆ, ಹೊಲ ಬೇರೆ," ಎಂದರು ಮೆಲ್ಲಗೆ.

"ಇರಬಹುದು ಸರ್. ಆದರೆ ಅವರಿಗೆ ಹೇಳಬೇಕು."

"ಹೇಳಲೇಬೇಕಾ? ಯಾರೂ ಕೇಳ್ತಾ ಇಲ್ಲ."

"ಹೇಳಬೇಕು."

ಅವಳು ಅದೇ ದಿನ ಹುಣಸಿಹಾಳಕ್ಕೆ ಹೋದಳು. ನೀಲವ್ವ ಪಕ್ಕದ ಊರಿನಿಂದ ತಂದ ಬೀಜದ ಭತ್ತವನ್ನು ಮೊರದಲ್ಲಿ ಕೇರುತ್ತಿದ್ದಳು. ಮೂವತ್ತೆರಡರವರು ತಲಾ ಎರಡು ಚೀಲದಂತೆ ಕೂಡಿಸಿ ಕಳಿಸಿದ ಬೀಜ ಅದು. ಹುಲಿಗೆಮ್ಮ ನಿಂತುಕೊಂಡೇ ಹೇಳಿದಳು. ಮೊರ ನಿಂತಿತು.

"ಅಂದ್ರ ಸುಡೂದು ಬೇಕಾಗಿದ್ದಿಲ್ಲ."

"ಬೇಕಾಗಿದ್ದಿಲ್ಲೇನೋ. ಪೂರ್ತಿ ಹೇಳಾಕ ಬರೂದಿಲ್ಲ."

ನೀಲವ್ವ ಮೊರದ ಕಾಳುಗಳನ್ನು ಮತ್ತೆ ಚೀಲಕ್ಕೆ ಸುರಿದಳು. ಅವಳ ಕಣ್ಣು ತುಂಬಿದ್ದನ್ನು ಹುಲಿಗೆಮ್ಮ ಕಂಡಳು. ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

"ಇದನ್ನ ನನಗೊಬ್ಬಾಕಿಗೆ ಹೇಳಿ ಹೋಗಬ್ಯಾಡ," ಎಂದಳು ನೀಲವ್ವ. "ಸಂಘದಾಗ ಹೇಳು."

ಮತ್ತದೇ ತಗಡಿನ ಶೆಡ್ಡು. ಈ ಸಲ ಹುಲಿಗೆಮ್ಮ ಒಂದು ಕುಂಡವನ್ನೂ ಹೊತ್ತು ತಂದಿದ್ದಳು. ಹಸಿರು ಗಿಡವನ್ನು ಎಲ್ಲರ ಮುಂದಿಟ್ಟು, ಮುಚ್ಚುಮರೆಯಿಲ್ಲದೆ ಹೇಳಿದಳು. ಮುಂದಿನ ಎರಡು ಹಂಗಾಮು ಕಿವುಡ ಕುಂಡದಲ್ಲೇ ಇರುತ್ತದೆ, ಸಾಧು ನೀರು ಕೊಡುವುದನ್ನು ನಿಲ್ಲಿಸುತ್ತೇವೆ, ಅಂಗಮಾರಿ ಬಂದರೂ ಬರಬಹುದು ಎಂದಳು. ಯಾರೋ ಒಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹಿಂದೆ ಎದ್ದು ನಿಂತಿದ್ದ ಮುದುಕ ಈ ಸಲವೂ ಎದ್ದ.

"ಬರಕೋರಿ," ಎಂದ ಕಾರ್ಯದರ್ಶಿಗೆ. "ಇಕಿ ಮಾತು ಕೇಳಿ ನೂರಾ ಹತ್ತು ಎಕರೆ ಸುಟ್ಟಿವಿ ಅಂತ ಠರಾವಿನ್ಯಾಗ ಇರಲಿ. ನಾಳೆ ನಮ್ಮ ಮಕ್ಕಳು ಕೇಳ್ತಾರ."

ಕಾರ್ಯದರ್ಶಿ ಪೆನ್ನು ಹಿಡಿದು ನೀಲವ್ವನ ಕಡೆ ನೋಡಿದ. ಹುಲಿಗೆಮ್ಮ ತಲೆ ತಗ್ಗಿಸಿ ನಿಂತಿದ್ದಳು. ಬರೆದರೆ ಅದು ಸುಳ್ಳಾಗುತ್ತಿರಲಿಲ್ಲ.

"ಹಂಗ ಬರೀಬ್ಯಾಡ," ಎಂದಳು ನೀಲವ್ವ. ಅವಳ ಧ್ವನಿ ಒಡೆದಿತ್ತು, ಆದರೆ ಎಲ್ಲರಿಗೂ ಕೇಳುವಷ್ಟು ಇತ್ತು. "ಇಕಿ, ಕಿವುಡ ನಡೀಬಹುದು ಅಂತನೂ ಹೇಳಿದ್ಳು, ನಡೀಲಿಕ್ಕಿಲ್ಲ ಅಂತನೂ ಹೇಳಿದ್ಳು. ಕೈ ಎತ್ತಿದವರು ನಾವು. ಇಕಿ ಸುಡಿಸಿದ್ಳು ಅಂತ ಬರೀಬ್ಯಾಡ. ನಾವು ಸುಟ್ಟಿವಿ ಅಂತ ಬರಿ."

ಕಾರ್ಯದರ್ಶಿ ಮತ್ತೊಮ್ಮೆ ಸಭೆಯತ್ತ ನೋಡಿದ. ಮುದುಕ ನಿಂತೇ ಇದ್ದ. ಆಮೇಲೆ ಅವನೂ ಕೂತ. ಪೆನ್ನು ಹಾಳೆಯ ಮೇಲೆ ಓಡಿತು. ನೀಲವ್ವ ಬರೆದದ್ದನ್ನು ಬೆರಳಿಟ್ಟು ನಿಧಾನವಾಗಿ ಓದಿ, ಕೆಳಗೆ ತನ್ನ ಸಹಿ ಹಾಕಿದಳು.